'ಬರ್ನ್-ಇನ್'ಗೆ ಕನ್ನಡ ಪದ ಬೇಕು, ನಾಳೆ ಸಂಜೆ ನಾಲ್ಕರೊಳಗೆ

ಹಂಪನಕಟ್ಟೆ, ಮಂಗಳೂರಿನಿಂದ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಅರ್ಜೆಂಟ್ ಉಂಟು. ನನ್ನ ಭಾವನ ಅಂಗಡಿಯಲ್ಲಿ ದುಬಾರಿ ಟಿವಿ ಮೂರನ್ನು ಸಾಲಾಗಿ ಇಟ್ಟಿದ್ದಾರೆ. ಒಂದು ಒಎಲ್‌ಇಡಿ, ಒಂದು ಮಿನಿ ಎಲ್‌ಇಡಿ, ಇನ್ನೊಂದು ಕ್ಯೂಎಲ್‌ಇಡಿ. ಪ್ರತಿಯೊಂದರ ಕೆಳಗೂ ಕನ್ನಡದಲ್ಲಿ ನಾಲ್ಕು ಸಾಲಿನ ಬೋರ್ಡು ಬೇಕಂತೆ. ಮನೆಯಲ್ಲಿ ಕನ್ನಡ ಎಂ.ಎ. ಮಾಡಿದವಳು ನಾನೊಬ್ಬಳೇ, ಹಾಗಾಗಿ ಕೆಲಸ ನನ್ನ ತಲೆಗೆ ಬಂತು. ನಾಳೆ ಸಂಜೆ ನಾಲ್ಕರೊಳಗೆ ಫ್ಲೆಕ್ಸ್‌ನವರಿಗೆ ಕೊಡಬೇಕು.

ಎರಡು ಕಡೆ ಸಿಕ್ಕಿಬಿದ್ದಿದ್ದೇನೆ. ಒಎಲ್‌ಇಡಿಯ 'ಒ' ಅಂದರೆ ಆರ್ಗ್ಯಾನಿಕ್. ನಾನು 'ಸಾವಯವ' ಅಂತ ಬರೆದೆ. ಅಂಗಡಿಯ ಹುಡುಗ ಓದಿ, "ಇದಕ್ಕೆ ಹಟ್ಟಿ ಗೊಬ್ಬರ ಹಾಕಲಿಕ್ಕುಂಟಾ ಅಕ್ಕ?" ಅಂತ ಕೇಳಿದ. ಅದನ್ನು ಅಳಿಸಿದೆ. ಇನ್ನೊಂದು, ಬರ್ನ್-ಇನ್. ನ್ಯೂಸ್ ಚಾನೆಲ್‌ನ ಲೋಗೋ ತಿಂಗಳುಗಟ್ಟಲೆ ಒಂದೇ ಮೂಲೆಯಲ್ಲಿ ನಿಂತರೆ ಅದರ ಗುರುತು ಖಾಯಂ ಉಳಿಯುತ್ತದಲ್ಲ, ಅದು. ಈ ವಿಷಯ ಬೋರ್ಡಿನಲ್ಲಿ ಇರಲೇಬೇಕು ಅಂತ ನನ್ನ ಹಠ. ಭಾವನಿಗೆ ಅಷ್ಟು ಮನಸ್ಸಿಲ್ಲ. ಕರಡು ಹೀಗುಂಟು:

"ನಿಮಗೆ ತಕ್ಕ ಟಿವಿ ಆರಿಸಿ. ಒಎಲ್‌ಇಡಿ: ಪ್ರತಿ ಚುಕ್ಕಿಯೂ ತಾನೇ ಬೆಳಗುತ್ತದೆ, ಕಪ್ಪು ನಿಜಕ್ಕೂ ಕಪ್ಪು. ಒಂದೇ ಚಿತ್ರ ತುಂಬಾ ಕಾಲ ನಿಂತರೆ ಪರದೆಯಲ್ಲಿ ______ ಬೀಳಬಹುದು. ನೋಡಿ ಆದ ಮೇಲೆ ರಿಮೋಟಿನಲ್ಲೇ ಟಿವಿ ಆರಿಸಿ."

ಖಾಲಿ ಜಾಗಕ್ಕೆ ಒಂದು ಪದ ಕೊಟ್ಟರೆ ಸಾಕು.

ಕುಂಜಿಬೆಟ್ಟು, ಉಡುಪಿಯಿಂದ

ಪರದೆ ಪಾರಸಿ. 'ತೆರೆ' ಅನ್ನಿ. ಯಕ್ಷಗಾನದ ಊರಿನಲ್ಲಿ ಹುಟ್ಟಿ ಪರದೆ ಅನ್ನುವುದು ಎಂಥ ಗ್ರಹಚಾರ? ಚೌಕಿಯಿಂದ ವೇಷ ಬಂದಾಗ ಎದುರು ಹಿಡಿಯುವುದು ತೆರೆ.

ಬರ್ನ್-ಇನ್‌ಗೆ 'ಉರಿಯಚ್ಚು'. ಮುಗಿಯಿತು.

ಕದ್ರಿ, ಮಂಗಳೂರಿನಿಂದ

ಉರಿಯಚ್ಚು ಅಂದರೆ ಕರುವಿಗೆ ಬರೆ ಹಾಕಿದ ಹಾಗೆ ಕೇಳುತ್ತದೆ ಮೇಷ್ಟ್ರೇ. ತಾಂತ್ರಿಕ ಪದಕ್ಕೆ ಸ್ವಲ್ಪ ಗಾಂಭೀರ್ಯ ಬೇಕು. 'ದಹನಾಂಕನ' ಆಗಬಹುದು. ಮತ್ತೆ ತೆರೆ ಅಂದರೆ ನಮ್ಮ ಕಡೆ ಜನರಿಗೆ ಮೊದಲು ನೆನಪಾಗುವುದು ಸಮುದ್ರ. ಬಾಗಿಲು ತೆರೆಯುವುದೂ ಅದೇ ತೆರೆ. ಒಂದೇ ಪದಕ್ಕೆ ಎಷ್ಟು ಕೆಲಸ ಹೊರಿಸುತ್ತೀರಿ?

ಕುಂಜಿಬೆಟ್ಟು, ಉಡುಪಿಯಿಂದ

ದಹನಾಂಕನ ಸ್ಮಶಾನದ ರಸೀದಿಗೆ ಸರಿ.

'ಬಾಗಿಲು ತೆರೆಯುವುದೂ ಅದೇ ತೆರೆ' ಅಲ್ಲ. ಬಾಗಿಲದ್ದು ತೆಱೆ, ಹಳಗನ್ನಡದ ಇನ್ನೊಂದು ರ, ಅಂದರೆ ಱಕಾರ. ಅಲೆ ಮತ್ತು ಮರೆ ಎಂಬ ಅರ್ಥದ್ದು ರೇಫದ, ಅಂದರೆ ಮಾಮೂಲಿ ರಕಾರದ ತೆರೆ. ತಮಿಳಿನಲ್ಲಿ ಇಂದಿಗೂ ಎರಡೂ ಬೇರೆ ಬೇರೆ. ನಾವು ಱವನ್ನು ಬಿಟ್ಟೆವು, ಈಗ ಎಲ್ಲವೂ ಒಂದೇ ಅಂತ ಕೂತಿದ್ದೇವೆ. ಕಿಟ್ಟೆಲ್ ನಿಘಂಟು ತೆಗೆದು ನೋಡಿ. 1894ರಲ್ಲಿ ನಿಮ್ಮ ಮಂಗಳೂರಿನಲ್ಲೇ ಅಚ್ಚಾದದ್ದು.

ಸುರತ್ಕಲ್‌ನಿಂದ

ಅಕ್ಕನಿಗೆ ನಾಳೆ ಬೋರ್ಡು ಬೇಕು. ಮೊದಲು ಅಲ್ಲಿ ಆಗುವುದು ಎಂತ ಅಂತ ನೋಡುವ, ಆಮೇಲೆ ಪದ.

ಬರ್ನ್-ಇನ್‌ನಲ್ಲಿ ಏನೂ ಸುಡುವುದಿಲ್ಲ. ಆ ಹೆಸರು ಹಳೆಯ ಡಬ್ಬಾ ಟಿವಿ ಕಾಲದ್ದು. ಗಾಜಿನ ಒಳಬದಿಗೆ ಬಳಿದ ಫಾಸ್ಫರ್ ಎಂಬ ಹೊಳೆಯುವ ಪುಡಿ, ಒಂದೇ ಜಾಗದಲ್ಲಿ ಎಲೆಕ್ಟ್ರಾನ್ ಹೊಡೆತ ತಿಂದು ತಿಂದು ಮಂಕಾಗುತ್ತಿತ್ತು. ಕಂಪ್ಯೂಟರಿಗೆ ಸ್ಕ್ರೀನ್ ಸೇವರ್ ಬಂದದ್ದೇ ಅದಕ್ಕೆ. ಒಎಲ್‌ಇಡಿಯಲ್ಲಿ ಆಗುವುದು ಸವೆತ. ಹಿಂದಿನಿಂದ ಬೆಳಕು ಕೊಡುವ ದೀಪ ಅದರಲ್ಲಿ ಇಲ್ಲ, ಚುಕ್ಕಿಗಳೇ ಉರಿಯಬೇಕು. 4ಕೆ ಟಿವಿಯಲ್ಲಿ ಅಂಥ ಚುಕ್ಕಿ ಸುಮಾರು 83 ಲಕ್ಷ. ಜಾಸ್ತಿ ಉರಿದದ್ದು ಬೇಗ ಸವೆಯುತ್ತದೆ. ಅದರಲ್ಲೂ ನೀಲಿ ಬೆಳಕು ಕೊಡುವ ವಸ್ತುವಿಗೆ ಆಯುಷ್ಯ ಕಡಿಮೆ. ಲೋಗೋ ಇದ್ದಲ್ಲಿನ ಚುಕ್ಕಿ ಮುದಿಯಾಗಿರುತ್ತದೆ, ಪಕ್ಕದ್ದು ಇನ್ನೂ ಗಟ್ಟಿಯಾಗಿರುತ್ತದೆ. ಕಣ್ಣಿಗೆ ಕಾಣುವುದು ಆ ವ್ಯತ್ಯಾಸ. ಅಜ್ಜಿಮನೆಯ ಕಡೆಯುವ ಕಲ್ಲಿನ ಗುಂಡಿಯನ್ನು ಯಾರಾದರೂ 'ಸುಟ್ಟಿದೆ' ಅನ್ನುತ್ತಾರಾ? ಹಾಗಾಗಿ ಉರಿಯೂ ಬೇಡ, ದಹನವೂ ಬೇಡ. 'ಸವೆದ ಗುರುತು' ಅನ್ನಿ.

ಇನ್ನೊಂದು ಮಾತು. ಸ್ವಲ್ಪ ಹೊತ್ತು ಕಂಡು ತಾನಾಗಿ ಮಾಯವಾಗುವ ಗುರುತೂ ಉಂಟು. ಅದು ಬರ್ನ್-ಇನ್ ಅಲ್ಲ. ಅದಕ್ಕೆ 'ನೆರಳು' ಸಾಕು. ಎರಡಕ್ಕೂ ಒಂದೇ ಪದ ಹಾಕಿದರೆ ಗಿರಾಕಿ ಸುಮ್ನೆ ಹೆದರುತ್ತಾನೆ.

'ಸಾವಯವ' ಅಳಿಸಿದ್ದು ಒಳ್ಳೆಯದಾಯಿತು. ಇಲ್ಲಿ ಆರ್ಗ್ಯಾನಿಕ್ ಅಂದರೆ ಇಂಗಾಲದ ಸಂಯುಕ್ತ, ಅಷ್ಟೇ. ಇಂಥ ವಸ್ತು ಜೀವಿಗಳಿಂದ ಮಾತ್ರ ಬರುತ್ತದೆ ಅಂತ ನಂಬಿದ್ದ ಕಾಲದ ಹೆಸರು ಅದು. 1828ರಲ್ಲಿ ವೋಲರ್ ಎಂಬ ರಸಾಯನಶಾಸ್ತ್ರಜ್ಞ, ಮೂತ್ರದಲ್ಲಿ ಇರುವ ಯೂರಿಯಾವನ್ನು ಪ್ರಯೋಗಾಲಯದಲ್ಲೇ ತಯಾರಿಸಿದ. ನಂಬಿಕೆ ಹೋಯಿತು, ಹೆಸರು ಉಳಿಯಿತು. ಅಂದರೆ ರಸಾಯನಶಾಸ್ತ್ರದ ಲೆಕ್ಕದಲ್ಲಿ ಯೂರಿಯಾ ಕೂಡ ಸಾವಯವ. ಸಾವಯವ ಕೃಷಿ ಮಾಡುವವರ ಎದುರು ಹೇಳಿ ನೋಡಿ.

ಕುಂಜಿಬೆಟ್ಟು, ಉಡುಪಿಯಿಂದ

ಸವೆತ ಒಪ್ಪಿದೆ. ಆದರೆ ಇಂಗಾಲ ಎಲ್ಲಿಯದು? ಸಂಸ್ಕೃತದ ಅಂಗಾರ ಪ್ರಾಕೃತದಲ್ಲಿ ಇಂಗಾಲ ಆಗಿ ಬಂದದ್ದು. ಕನ್ನಡಕ್ಕೆ ಇದ್ದಿಲು ಇದೆ.

ಕದ್ರಿ, ಮಂಗಳೂರಿನಿಂದ

ಇದ್ದಿಲು ಟಿವಿ. ಚೆಂದ ಮಾರಾಯ್ರೇ. ಭಾವನ ಅಂಗಡಿಯ ಎದುರು ಕ್ಯೂ ನಿಲ್ಲುತ್ತದೆ.

ಮೇಷ್ಟ್ರು ಬೆಳಿಗ್ಗೆ ಎದ್ದು ಚಾವಿ ತಿರುಗಿಸಿ, ಜನೇಲು ತೆಗೆದು, ಬಾಲ್ದಿಯಲ್ಲಿ ನೀರು ತುಂಬಿಸಿ, ಆಮೇಲೆ ಇಲ್ಲಿ ಬಂದು ಪರದೆ ಪಾರಸಿ ಅನ್ನುತ್ತಾರೆ. ಮೂರೂ ಪೋರ್ಚುಗೀಸರದು. ನಮ್ಮ ಕರಾವಳಿಯ ಮಾತೇ ಬಂದರಿನ ಮಾತು. ಹಡಗಿನಲ್ಲಿ ಬಂದದ್ದನ್ನು ಇಳಿಸಿಕೊಂಡೆವು, ನಮ್ಮದು ಮಾಡಿಕೊಂಡೆವು. ಶುದ್ಧಿಗೆ ನೀವು ಸಾಕ್ಷಿ ಕರೆದ ಕಿಟ್ಟೆಲ್ ಕೂಡ ಜರ್ಮನಿಯವರು.

ಕುಂಜಿಬೆಟ್ಟು, ಉಡುಪಿಯಿಂದ

ಬಾಲ್ದಿ ಬಂದಾಗ ವಸ್ತುವೂ ಅದರ ಜೊತೆ ಬಂತು. ತೆರೆ ನಮ್ಮಲ್ಲಿ ಮೊದಲೇ ಇತ್ತು. ಇರುವುದನ್ನು ಬಿಸಾಡಿ ಸಾಲ ತರುವುದಕ್ಕೆ ಏನು ಹೆಸರು? ನನ್ನ ಮನೆಯಲ್ಲಿ ಕೊಡಪಾನ ಇದೆ, ಬಾಲ್ದಿ ಇಲ್ಲ.

ಮಲ್ಪೆಯಿಂದ

ನಾನು ಟಿವಿ ರಿಪೇರಿ ಮಾಡುವವ. ವ್ಯಾಕರಣ ಗೊತ್ತಿಲ್ಲ, ಗಿರಾಕಿ ಎಂತ ಹೇಳುತ್ತಾರೆ ಅಂತ ಗೊತ್ತುಂಟು. "ಕಲೆ ಬಿದ್ದಿದೆ" ಅನ್ನುತ್ತಾರೆ. ಕಲೆ ಅಂದ ಮೇಲೆ ಒರೆಸಿದರೆ ಹೋಗಬೇಕಲ್ಲ? ಒಬ್ಬರು ಒದ್ದೆ ಬಟ್ಟೆಯಲ್ಲಿ ತಿಕ್ಕಿ ತಿಕ್ಕಿ ಪ್ಯಾನೆಲೇ ಹಾಳು ಮಾಡಿದ್ದರು. ಹಾಗಾಗಿ ಸವೆತ ಅನ್ನುವುದೇ ಒಳ್ಳೆಯದು. ಸವೆದದ್ದು ಒರೆಸಿದರೆ ಬರುವುದಿಲ್ಲ ಅಂತ ಎಲ್ಲರಿಗೂ ಗೊತ್ತು.

ರಿಮೋಟಿನ ಸಾಲು ಚೆನ್ನಾಗುಂಟು, ಅದನ್ನು ತೆಗೆಯಬೇಡಿ. ಒಎಲ್‌ಇಡಿ ಟಿವಿ ಕೆಲವು ಗಂಟೆ ಓಡಿದ ಮೇಲೆ, ರಿಮೋಟಿನಲ್ಲಿ ಬಂದ್ ಮಾಡಿದಾಗ, ಒಳಗೊಳಗೇ ಚುಕ್ಕಿಗಳನ್ನು ಸರಿದೂಗಿಸಿಕೊಳ್ಳುತ್ತದೆ. ಅದಕ್ಕೆ ಕರೆಂಟು ಬೇಕು. ನಮ್ಮಲ್ಲಿ ಸಿಡಿಲಿಗೆ ಹೆದರಿ ಪ್ಲಗ್ ಕಿತ್ತು ಮಲಗುವ ಅಭ್ಯಾಸ. ಗುಡುಗು ಇದ್ದರೆ ಕೀಳಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಬೇಸಿಗೆಯಲ್ಲೂ ದಿನಾ ಕಿತ್ತರೆ ಅದಕ್ಕೆ ಸರಿಮಾಡಿಕೊಳ್ಳುವ ಸಮಯವೇ ಸಿಗುವುದಿಲ್ಲ.

ಹೋಟೆಲಿನವರು ಬಂದರೆ ಒಎಲ್‌ಇಡಿ ಕೊಡಬೇಡಿ ಅಂತ ನಿಮ್ಮ ಭಾವನಿಗೆ ಹೇಳಿ. ಬೆಳಿಗ್ಗೆ ಆರರಿಂದ ರಾತ್ರಿ ಹತ್ತರವರೆಗೆ ಒಂದೇ ನ್ಯೂಸ್ ಚಾನೆಲ್, ಕೆಳಗೆ ಅದೇ ಕೆಂಪು ಪಟ್ಟಿ. ಜೊತೆಗೆ ಮೂರು ಕಡೆಯಿಂದ ಬಿಸಿಲು. ಅವರಿಗೆ ಮಿನಿ ಎಲ್‌ಇಡಿಯೇ ಸರಿ, ಬೆಳಕು ಜಾಸ್ತಿ. ಕಿಟಕಿ ಮುಚ್ಚಿ ರಾತ್ರಿ ಸಿನಿಮಾ ನೋಡುವವರಿಗೆ ಒಎಲ್‌ಇಡಿ.

ಹಂಪನಕಟ್ಟೆ, ಮಂಗಳೂರಿನಿಂದ

ಮಲ್ಪೆಯ ಅಣ್ಣನಿಗೆ ದೊಡ್ಡ ನಮಸ್ಕಾರ. ಹೋಟೆಲಿನ ಮಾತು ಭಾವನಿಗೆ ಓದಿ ಹೇಳಿದೆ. ಹೋದ ವಾರವಷ್ಟೇ ಒಂದು ಹೋಟೆಲಿಗೆ ಒಎಲ್‌ಇಡಿ ಕೊಟ್ಟಿದ್ದಾರಂತೆ. ಮುಖ ಸಣ್ಣದು ಮಾಡಿ ಕೂತಿದ್ದಾರೆ.

ಇನ್ನೊಂದೇ ಒಂದು. ಮಿನಿ ಎಲ್‌ಇಡಿಯಲ್ಲಿ ಕಪ್ಪು ಹಿನ್ನೆಲೆಯ ಮೇಲೆ ಬಿಳಿ ಅಕ್ಷರ ಬಂದರೆ ಸುತ್ತ ಮಂಜು ಮಂಜು ಕಾಣುತ್ತದೆ. ಬ್ಲೂಮಿಂಗ್ ಅನ್ನುತ್ತಾರೆ. ಅರಳುವಿಕೆ ಅನ್ನಲಾ?

ಸುರತ್ಕಲ್‌ನಿಂದ

ಅರಳುವಿಕೆ ಬೇಡ, ಹೊಗಳಿದ ಹಾಗೆ ಆಗುತ್ತದೆ. ಅಲ್ಲಿ ನಿಜಕ್ಕೂ ಆಗುವುದು ಸೋರುವುದು. ಎಲ್‌ಸಿಡಿ ಜಾತಿಯ ಟಿವಿಯಲ್ಲಿ ದೀಪ ಹಿಂದೆ ಇರುತ್ತದೆ, ಎದುರಿನ ಹರಳಿನ ಪದರ ಕದದ ಹಾಗೆ ತೆಗೆದು ಮುಚ್ಚುತ್ತದೆ. ಕ್ಯೂಎಲ್‌ಇಡಿಯೂ ಅದೇ ಜಾತಿ. ಒಎಲ್‌ಇಡಿಯ ತಮ್ಮನ ಹಾಗೆ ಹೆಸರು, ಅಷ್ಟೇ. ನೀಲಿ ದೀಪದ ಎದುರು ಕ್ವಾಂಟಮ್ ಡಾಟ್ ಎಂಬ ಅತಿಸಣ್ಣ ಕಣಗಳ ಹಾಳೆ ಇಟ್ಟು ಬಣ್ಣ ಚೊಕ್ಕ ಮಾಡುತ್ತಾರೆ. ಆ ಕಣಗಳ ಕೆಲಸಕ್ಕೆ 2023ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು. ಬಣ್ಣಕ್ಕೆ ಅದು ಒಳ್ಳೆಯದೇ, ಆದರೆ ಕಪ್ಪಿಗೆ ಉಪಕಾರ ಇಲ್ಲ. ಮಿನಿ ಎಲ್‌ಇಡಿಯಲ್ಲಿ ಹಿಂದಿನ ದೀಪಗಳನ್ನು ವಲಯ ವಲಯವಾಗಿ ತಗ್ಗಿಸುತ್ತಾರೆ. ಸಾವಿರ ವಲಯ ಇದ್ದರೂ ಒಂದೊಂದು ವಲಯಕ್ಕೆ ಎಂಟು ಸಾವಿರದಷ್ಟು ಚುಕ್ಕಿ ಬಂತು. ಒಂದು ಅಕ್ಷರ ಬೆಳಗಬೇಕಾದರೆ ಇಡೀ ವಲಯ ಬೆಳಗುತ್ತದೆ. 'ಬೆಳಕು ಸೋರುತ್ತದೆ' ಅನ್ನಿ. ಹೆಂಚಿನ ಮಾಡು ಸೋರುವುದು ನೋಡಿದವರಿಗೆ ವಿವರಣೆ ಬೇಡ.

ಕದ್ರಿ, ಮಂಗಳೂರಿನಿಂದ

ಸೋರುವುದು ಅಂದರೆ ಮಾಲು ಹಾಳಾಗಿದೆ ಅಂತ ಗಿರಾಕಿ ತಿಳಿಯುತ್ತಾನೆ. 'ಪರಿವೇಷ' ಅಂತ ಒಂದು ಪದ ಉಂಟು, ಚಂದ್ರನ ಸುತ್ತ ಕಾಣುವ ಉಂಗುರಕ್ಕೆ. ಯಾರಿಗೂ ಬೇಡವಾದರೆ ಬಿಡಿ. ದಹನಾಂಕನ ಹಿಂತೆಗೆದುಕೊಂಡಿಲ್ಲ, ನೆನಪಿರಲಿ.

ಹಂಪನಕಟ್ಟೆ, ಮಂಗಳೂರಿನಿಂದ

ಎರಡೂವರೆ ಗಂಟೆ ಆಯಿತು, ಕೊಟ್ಟು ಬಂದೆ. 'ಸವೆದ ಗುರುತು' ಹಾಕಿದ್ದೇನೆ. 'ಬೆಳಕು ಸ್ವಲ್ಪ ಸೋರುತ್ತದೆ' ಅಂತಲೂ ಹಾಕಿದ್ದೇನೆ. 'ಸ್ವಲ್ಪ' ಭಾವನದು. ಒಎಲ್‌ಇಡಿಯನ್ನು ಬಿಡಿಸಿ ಬರೆಯಲೇ ಇಲ್ಲ. ಪರದೆ ತೆಗೆದು ತೆರೆ ಮಾಡಿದೆ, ಮೇಷ್ಟ್ರಿಗೆ ಸಂತೋಷ ಆಗಲಿ.

ಆದರೆ ಫ್ಲೆಕ್ಸ್ ಅಂಗಡಿಯಲ್ಲಿ ಒಂದು ತಮಾಷೆ ಆಯಿತು. ಅಲ್ಲಿನ ಹುಡುಗ ಟೈಪ್ ಮಾಡುತ್ತಾ, "ಮೇಲೆ ಟಿವಿ ಆರಿಸಿ, ಕೆಳಗೂ ಟಿವಿ ಆರಿಸಿ. ಬಂದವರು ಅಂಗಡಿಯ ಟಿವಿ ಎಲ್ಲ ಬಂದ್ ಮಾಡಿ ಹೋಗಬೇಕಾ?" ಅಂತ ಕೇಳಿದ. ಇಷ್ಟು ಜನ ಓದಿದಿರಿ, ಒಬ್ಬರ ಕಣ್ಣಿಗೂ ಬೀಳಲಿಲ್ಲ ಅಲ್ವಾ! ಮೇಲಿನದನ್ನು 'ಆಯ್ದುಕೊಳ್ಳಿ' ಮಾಡಿಸಿದೆ.

ಕುಂಜಿಬೆಟ್ಟು, ಉಡುಪಿಯಿಂದ

ದೀಪ ಆರುವುದು ಆಱು. ಱ ಬಿಡಬೇಡಿ ಅಂತ ನಾನು ಬಡಿದುಕೊಂಡದ್ದು ಇದಕ್ಕೇ.