ಕೊಡಗಿನ ಐನ್‌ಮನೆಯ ಹಳೇ ಸಾಮಾನು: ಮನೆಯಲ್ಲೇ ಮ್ಯೂಸಿಯಂ ಮಾಡೋದಾ, ಸರ್ಕಾರಕ್ಕೆ ಕೊಡೋದಾ? ಅನುಭವ ಇದ್ದವರು ಹೇಳಿ

ಚೇರಂಬಾಣೆಯಿಂದ (ಕೇಳಿದವರು):
ನಮ್ಮ ಐನ್‌ಮನೆಯಲ್ಲಿ (ಮನೆತನದ ಮೂಲ ಮನೆ) ಈಗ ಯಾರೂ ವಾಸ ಇಲ್ಲ. ಸುಗ್ಗಿಯ ಪುತ್ತರಿ ಹಬ್ಬಕ್ಕೆ, ಕಾರೋಣಂಗೆ (ಮನೆತನದ ಹಿರಿಯನಿಗೆ) ಎಡೆ ಕೊಡುವ ದಿನಕ್ಕೆ ಮಾತ್ರ ಬಾಗಿಲು ತೆಗೆಯುತ್ತೇವೆ. ಎರಡು ಒಡಿಕತ್ತಿ (ಅಗಲವಾದ ಬಾಗಿದ ಕತ್ತಿ), ಒಂದು ಪೀಚೆಕತ್ತಿ (ಸೊಂಟಕ್ಕೆ ಸಿಕ್ಕಿಸುವ ಚಿಕ್ಕ ಕತ್ತಿ), ತೂಕ್ ಬೊಳ್ಚ (ತೂಗುದೀಪ), ದುಡಿ (ಚಿಕ್ಕ ಚರ್ಮವಾದ್ಯ), ಒಂದು ಕಟ್ಟು ತಾಳೆಗರಿ, ಅಜ್ಜನ ಮಿಲಿಟರಿ ಕಾಲದ ಆಲ್ಬಂ, ಭತ್ತ ತುಂಬುವ ದೊಡ್ಡ ಪತ್ತಾಯ ಇವೆ. ಒಂದು ಕೋಣೆಯನ್ನು ಮ್ಯೂಸಿಯಂ ಮಾಡೋಣ ಅಂತ ಒಕ್ಕದಲ್ಲಿ (ಮನೆತನದಲ್ಲಿ) ಕೆಲವರು, ಮಡಿಕೇರಿ ಕೋಟೆಯ ಮ್ಯೂಸಿಯಂಗೆ ಕೊಡೋಣ ಅಂತ ಕೆಲವರು. ತಾಳೆಗರಿಗೆ ಆಗಲೇ ಹುಳ ಬಿದ್ದಿದೆ. ಮಳೆಗೆ ಮುಂಚೆ ತೀರ್ಮಾನ ಆಗಬೇಕು. ನೀವು ಏನು ಮಾಡಿದಿರಿ, ಎಷ್ಟು ಖರ್ಚಾಯಿತು?

ನಾಪೋಕ್ಲು ಕಡೆಯಿಂದ:
ಮನೆಯಲ್ಲೇ ಇಡಿ. ನಾವು ಇಟ್ಟಿದ್ದೇವೆ, ಇವತ್ತಿಗೂ ಹೆಮ್ಮೆ ಇದೆ. ಆದರೆ ಖರ್ಚು ಮೊದಲೇ ಕೇಳಿಕೊಳ್ಳಿ. ಗಾಜಿನ ಕಪಾಟು ನಾಲ್ಕು, ಸಾಗುವಾನಿ ಚೌಕಟ್ಟಿಗೆ 1,40,000. ಗಾಜು ಬೇರೆ 38,000, ಮಾಮೂಲಿ ಗಾಜು ಒಡೆದರೆ ಮಕ್ಕಳ ಕೈ ಕುಯ್ಯುತ್ತದೆ ಅಂತ ಟಫನ್ಡ್ (ಗಟ್ಟಿ ಮಾಡಿದ) ಗಾಜು ಹಾಕಿಸಿದೆವು. ತೇವ ಎಳೆಯುವ ಡಿಹ್ಯುಮಿಡಿಫೈಯರ್ 32,000. ಜೋರು ಮಳೆಯ ಕಕ್ಕಡ ತಿಂಗಳಲ್ಲಿ ಅದರ ತೊಟ್ಟಿ ಬೆಳಿಗ್ಗೆ ಖಾಲಿ ಮಾಡಿದರೆ ಸಂಜೆಗೆ ತುಂಬಿರುತ್ತದೆ. ಕರೆಂಟು ಹೋದರೆ ಅದೂ ಇಲ್ಲ. ಅದಕ್ಕೆ ಬ್ಯಾಟರಿ, ಇನ್ನೊಂದು 45,000. ಇಷ್ಟೆಲ್ಲ ಮಾಡಿದ ಮೇಲೆ ಮೊದಲ ಮಳೆಗಾಲದಲ್ಲೇ ಎರಡು ಕಪಾಟಿನ ಹಿಂದೆ ಬೂಷ್ಟು. ಬಡಗಿ ಗೋಡೆಗೆ ಒತ್ತಿ ನಿಲ್ಲಿಸಿದ್ದ. ಹೊರಗೋಡೆಗೆ ಅಂಟಿದ ಕಪಾಟಿನ ಬೆನ್ನಿಗೆ ಗಾಳಿ ಆಡುವುದಿಲ್ಲ. ಎರಡನ್ನೂ ಬಿಚ್ಚಿ ಒಂದು ಗೇಣು ಮುಂದೆ ತಂದೆವು, ಕೂಲಿ 6,500. ಅದಕ್ಕೂ ಮುಂಚೆ ಒಬ್ಬ ಮೇಸ್ತ್ರಿ ಸುಣ್ಣದ ಗಾರೆ ಕಿತ್ತು ಸಿಮೆಂಟ್ ಬಳಿದಿದ್ದ. ಸಿಮೆಂಟ್ ಒಳಗೆ ನೀರು ಸಿಕ್ಕಿಬಿದ್ದು ಮಣ್ಣಿನ ಗೋಡೆ ಉಬ್ಬಿತು. ಅದನ್ನು ಕೆತ್ತಿಸಿ ಮತ್ತೆ ಸುಣ್ಣ ಬಳಿಸಲು 72,000. ಆದರೂ ಒಂದು ಮಾತು. ಕೈಲ್ ಪೊಳ್ದ್ (ಆಯುಧ ಪೂಜೆಯ ಹಬ್ಬ) ದಿನ ಕಪಾಟು ತೆಗೆದು ಒಡಿಕತ್ತಿಗೆ ಹೂವಿಟ್ಟು ಪೂಜೆ ಮಾಡುತ್ತೇವೆ. ಸರ್ಕಾರಕ್ಕೆ ಕೊಟ್ಟಿದ್ದರೆ ಆ ಕತ್ತಿಗೆ ಹೂವು ಯಾರು ಇಡುತ್ತಿದ್ದರು?

ಸೋಮವಾರಪೇಟೆಯಿಂದ:
ನಾವು ಕೊಟ್ಟವರು. ಯಾವ ಸಂಸ್ಥೆ ಅಂತ ಹೇಳುವುದಿಲ್ಲ. ದೇವರ ಕೋಣೆಯ ಕಂಚಿನ ಗಂಟೆ, ಅಜ್ಜಿಯ ಕಾಲದ ಅಳತೆ ಸೇರುಗಳು, ಮರದ ಕೆತ್ತನೆಯ ಬಾಗಿಲವಾಡ ಕೊಟ್ಟೆವು. ಬಾಗಿಲವಾಡ ಸಾಗಿಸಲು ಲಾರಿ, ಆಳು ಸೇರಿ 11,000 ನಮ್ಮದೇ ಕೈಯಿಂದ. ರಶೀದಿಯಲ್ಲಿ ಏನು ಬರೆದರು ಗೊತ್ತಾ? 'ಮರದ ಸಾಮಾನು, 1'. ಅಷ್ಟೇ. ಯಾವ ಊರು, ಯಾವ ಮನೆ, ಎಷ್ಟು ಅಗಲ, ಏನೂ ಇಲ್ಲ. ನೋಡಲು ಹೋದಾಗ ಅದು ದಾಸ್ತಾನು ಕೋಣೆಯಲ್ಲಿ ಅಡ್ಡಡ್ಡ ಮಲಗಿತ್ತು, ಕೆಳಗೆ ಇಟ್ಟಿಗೆ ಕೂಡ ಇಲ್ಲ. ಅದರ ಎಡಗಾಲಿನ ಕೆಳಗೆ ಗೆದ್ದಲು ಹಿಡಿದು ಕೆತ್ತಿದ ಗಿಳಿಯ ಬಾಲ ಪುಡಿಯಾಗಿ ಉದುರುತ್ತಿತ್ತು. ಬೆರಳಿಟ್ಟರೆ ಒಳಗೆ ಹೋಯಿತು. ಪ್ರಶ್ನೆ ಕೇಳಿದವರೇ, ಕೊಡುವುದಿದ್ದರೆ ಪ್ರತಿ ವಸ್ತುವಿನ ಫೋಟೋ, ಅಳತೆ, ಹೆಸರು, ನಿಮ್ಮ ಒಕ್ಕದ ಹೆಸರು ಬರೆದ ಪಟ್ಟಿಗೆ ಅವರಿಂದ ಸಹಿ ಹಾಕಿಸಿಕೊಳ್ಳಿ. ಪ್ರದರ್ಶನಕ್ಕೆ ಇಡದಿದ್ದರೆ ವಾಪಸ್ ಕೊಡಬೇಕು ಅಂತಲೂ ಬರೆಸಿ. ನಮಗೆ ಆ ಸಾಲು ಬರೆದುಕೊಡಲು ಒಪ್ಪಲಿಲ್ಲ.

ಮಡಿಕೇರಿಯಿಂದ:
ಎಲ್ಲಾ ಸರ್ಕಾರಿ ಮ್ಯೂಸಿಯಂಗಳನ್ನು ಒಂದೇ ಸಾಲಿಗೆ ಹಾಕಬೇಡಿ. ಕೋಟೆಯೊಳಗಿನ ಮ್ಯೂಸಿಯಂ ನಡೆಯುತ್ತಿರುವುದು 1859ರಲ್ಲಿ ಕಟ್ಟಿದ ಸೇಂಟ್ ಮಾರ್ಕ್ಸ್ ಚರ್ಚಿನಲ್ಲಿ. ಬಣ್ಣದ ಗಾಜಿನ ಕಿಟಕಿಯ ಕೆಳಗೆ ಜಿನ ಬಿಂಬ, ವೀರಗಲ್ಲು ನೋಡುವುದು ಇನ್ನೆಲ್ಲಿ ಸಿಗುತ್ತದೆ? ಶಾಲೆ ಮಕ್ಕಳು ಬರುತ್ತಾರೆ, ಅಂಗಳದ ಗಾರೆ ಆನೆಗಳನ್ನು ನೋಡಿ ಒಳಗೂ ಬರುತ್ತಾರೆ. ನಿಮ್ಮ ಚೇರಂಬಾಣೆ ಮನೆಗೆ ಯಾರು ಬರುತ್ತಾರೆ? ಜನರಲ್ ತಿಮ್ಮಯ್ಯ ಮ್ಯೂಸಿಯಂ ನೋಡಿ. ಅವರು ಬಾಲ್ಯ ಕಳೆದ ಸನ್ನಿಸೈಡ್ ಮನೆ ಒಂದು ಕಾಲಕ್ಕೆ ಆರ್‌ಟಿಓ ಕಚೇರಿ ಆಗಿತ್ತು. ದುರಸ್ತಿ ಮಾಡಿ 2021ರ ಫೆಬ್ರವರಿಯಲ್ಲಿ ರಾಷ್ಟ್ರಪತಿಗಳ ಕೈಯಲ್ಲಿ ಉದ್ಘಾಟನೆ ಮಾಡಿಸಿದರು. ಸರ್ಕಾರ, ಸೇನೆ, ಜನ ಸೇರಿದರೆ ಹೀಗೂ ಆಗುತ್ತದೆ. ನಾನು ನಮ್ಮ ಮಾವನ ಸಮವಸ್ತ್ರ, ಪದಕಗಳನ್ನು ಒಂದು ಸಾರ್ವಜನಿಕ ಸಂಗ್ರಹಕ್ಕೆ ಕೊಟ್ಟೆ. ಮನೆಯಲ್ಲಿದ್ದಾಗ ಜಿರಳೆ ತಿನ್ನುತ್ತಿತ್ತು. ಈಗ ಗಾಜಿನೊಳಗೆ ಹೆಸರು ಸಮೇತ ಇದೆ. ನನಗೆ ನೆಮ್ಮದಿ.

ನಾಪೋಕ್ಲು ಕಡೆಯಿಂದ:
ಜನರಲ್‌ಗಳ ಮನೆಗೆ ಎಲ್ಲಾ ಇಲಾಖೆಯವರೂ ಬರುತ್ತಾರೆ ಸರ್. ನಮ್ಮ ಅಜ್ಜ ಹವಾಲ್ದಾರ್. ಅವರ ಟ್ರಂಕಿಗೆ ಯಾರು ಜಾಗ ಕೊಡುತ್ತಾರೆ? ಜಿರಳೆ ಬಂದರೆ ಟ್ರಂಕು ಬಿಸಿಲಿಗೆ ಇಡಬೇಕಿತ್ತು. ಮನೆ ಸಾಮಾನು ನೋಡಿಕೊಳ್ಳದವರು ಇನ್ನೊಬ್ಬರ ಮನೆಗೆ ಯಾರೂ ಬರಲ್ಲ ಅನ್ನಬೇಡಿ.

ಮಡಿಕೇರಿಯಿಂದ:
ನಾವು ಹೇಗೆ ನೋಡಿಕೊಂಡೆವು ಅಂತ ನಿಮಗೆ ಗೊತ್ತಿಲ್ಲ. ಹಾಸಿಗೆ ಹಿಡಿದ ಮಾವನನ್ನೂ ನೋಡಿಕೊಂಡು ಟ್ರಂಕನ್ನೂ ನೋಡಿಕೊಳ್ಳಬೇಕಿತ್ತು. ಮಾತು ಹಿಡಿತದಲ್ಲಿರಲಿ.

ವಿರಾಜಪೇಟೆಯಿಂದ:
ನಮ್ಮದು ಹೋಂಸ್ಟೇ. ಹಜಾರದಲ್ಲಿ ಎಲ್ಲಾ ಸಾಮಾನು ಇಟ್ಟಿದ್ದೇವೆ, ಬಂದವರಿಗೆ ನಾನೇ ಕಥೆ ಹೇಳುತ್ತೇನೆ. ಕೋಣೆ ಬಾಡಿಗೆಯ ದುಡ್ಡಲ್ಲೇ ಹೆಂಚು ಬದಲಾಯಿಸಿದೆ. ಒಂದು ಹೆಂಚಿಗೆ 55, ಹಳೇ ಅಚ್ಚಿನದು ಹುಡುಕಿ ತಂದರೆ 90. ಹೆಂಚು ಹೊರುವ ಪಕಾಸಿ, ರೀಪು ಮರ, ಕೂಲಿ ಸೇರಿ 4,80,000 ಮುಟ್ಟಿತು. ಯಾವ ಸರ್ಕಾರವೂ ಒಂದು ರೂಪಾಯಿ ಕೊಡಲಿಲ್ಲ. ಜನ ಓಡಾಡುವ ಮನೆ ಉಳಿಯುತ್ತದೆ. ಒಲೆ ಉರಿದರೆ ಹೊಗೆ ಅಟ್ಟಕ್ಕೆ ಹೋಗುತ್ತದೆ, ಮರಕ್ಕೆ ಹುಳ ಬರುವುದಿಲ್ಲ. ಬೀಗ ಹಾಕಿದ ಐನ್‌ಮನೆಗೆ ನೀವು ಎಷ್ಟು ಕಪಾಟು ತಂದರೂ ಅಷ್ಟೇ.

ನಾಪೋಕ್ಲು ಕಡೆಯಿಂದ:
ಪೀಚೆಕತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ಟೂರಿಸ್ಟರು ಸೆಲ್ಫಿ ತೆಗೆಯುವುದನ್ನು ಉಳಿಸುವುದು ಅನ್ನುತ್ತೀರಾ?

ವಿರಾಜಪೇಟೆಯಿಂದ:
ನಮ್ಮಲ್ಲಿ ಯಾರೂ ಕತ್ತಿ ಮುಟ್ಟುವ ಹಾಗಿಲ್ಲ. ಬೇರೆ ಕಡೆ ನೋಡಿದ್ದನ್ನು ನನ್ನ ತಲೆಗೆ ಕಟ್ಟಬೇಡಿ. ನಿಮಗೆ ಬ್ಯಾಟರಿಗೆ 45,000 ಎಲ್ಲಿಂದ ಬಂತು? ಕಾಫಿ ರೇಟು ಏರಿದ ವರ್ಷ ತಾನೇ? ಎಲ್ಲರಿಗೂ ಹತ್ತಾರು ಎಕರೆ ರೊಬಸ್ಟಾ ಇರುವುದಿಲ್ಲ.

ಕುಶಾಲನಗರದಿಂದ:
ಕಾನೂನು ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ. 1972ರ ಪ್ರಾಚ್ಯವಸ್ತು ಕಾಯ್ದೆ ಪ್ರಕಾರ 100 ವರ್ಷ ದಾಟಿದ ವಸ್ತು ಪ್ರಾಚ್ಯವಸ್ತು. ಸಾಹಿತ್ಯ, ಚರಿತ್ರೆಯ ಬೆಲೆ ಇರುವ ಹಸ್ತಪ್ರತಿಗೆ 75 ವರ್ಷ ಸಾಕು. ಮನೆಯಲ್ಲಿ ಇಟ್ಟುಕೊಳ್ಳುವುದು ತಪ್ಪಲ್ಲ. ಆದರೆ ಕೆನಡಾದಲ್ಲಿರುವ ತಮ್ಮನಿಗೆ ಅಂತ ಸೂಟ್‌ಕೇಸಿನಲ್ಲಿ ಕಳಿಸುವ ಹಾಗಿಲ್ಲ. ಲೈಸೆನ್ಸ್ ಇಲ್ಲದೆ ಇಂಥದ್ದರ ವ್ಯಾಪಾರವನ್ನೂ ಮಾಡುವ ಹಾಗಿಲ್ಲ. ಕೋವಿ ಇದ್ದರೆ ಇನ್ನೂ ಎಚ್ಚರ. ಕೊಡವರಿಗೆ, ಜಮ್ಮಾ (ವಂಶಪಾರಂಪರ್ಯದ ಭೂಮಿ) ಹಿಡುವಳಿದಾರರಿಗೆ ಲೈಸೆನ್ಸ್ ವಿನಾಯಿತಿ ಇದೆ, 2029ರವರೆಗೆ ಮುಂದುವರಿಸಿದ್ದಾರೆ. ಆದರೆ ಮನೆಯಲ್ಲಿ ಕೋವಿ ಇರುವುದು ಬೇರೆ, ಟಿಕೆಟ್ ಕೊಟ್ಟು ಊರವರಿಗೆ ತೋರಿಸುವುದು ಬೇರೆ. ಅದಕ್ಕೆ ಮುಂಚೆ ಜಿಲ್ಲಾಧಿಕಾರಿ ಕಚೇರಿಯಲ್ಲಿ ಲಿಖಿತವಾಗಿ ಕೇಳಿ. ನಮ್ಮ ನೆಂಟರು ಸುಮ್ನೆ ಗೋಡೆಗೆ ತೂಗುಹಾಕಿ ಆಮೇಲೆ ಉತ್ತರ ಕೊಡಲು ಓಡಾಡಿದ್ದಾರೆ. ವಕೀಲರಿಗೇ 25,000 ಆಯಿತು.

ಪೊನ್ನಂಪೇಟೆಯಿಂದ:
ನಮ್ಮದು ಐರಿ ಮನೆ, ಕಮ್ಮಾರಿಕೆಯವರು. ಇಷ್ಟು ಹೊತ್ತು ಓದಿದೆ. ಒಡಿಕತ್ತಿ, ಪೀಚೆಕತ್ತಿ ಅಂತ ಎಲ್ಲರೂ ಹೇಳುತ್ತೀರಿ. ಅದನ್ನು ಕಾಸಿ ಬಡಿದವರು ಯಾರು? ನಮ್ಮ ಅಪ್ಪನ ತಿದಿ, ಇಕ್ಕಳ, ಸುತ್ತಿಗೆ ಯಾವ ಮ್ಯೂಸಿಯಂನಲ್ಲಿ ಇದೆ? ಒಂದು ಕಡೆ ಕೇಳಿದೆ. ಕತ್ತಿ ಇದ್ದರೆ ಕೊಡಿ, ಇಕ್ಕಳ ಬೇಡ ಅಂದರು. ಯರವರ ಬುಟ್ಟಿ, ಕುರುಬರ ಜೇನಿನ ಹಗ್ಗ, ಅರೆಭಾಷೆ ಗೌಡರ ಮನೆಯ ಸಾಮಾನು ಇವೆಲ್ಲ ಕೊಡಗಿನದಲ್ವಾ? ನಾನು ಕುಲುಮೆಯ ಶೆಡ್ಡನ್ನೇ ಮ್ಯೂಸಿಯಂ ಮಾಡಿದ್ದೇನೆ. ಶೀಟು 14,000, ಕಬ್ಬಿಣಕ್ಕೆ ಹಚ್ಚುವ ಮೇಣ ಒಂದು ಡಬ್ಬಿ 2,200. ಟಿಕೆಟ್ ಇಲ್ಲ. ಬಂದ ಮಕ್ಕಳಿಗೆ ತಿದಿ ಒತ್ತಲು ಬಿಡುತ್ತೇನೆ.

ಮಡಿಕೇರಿಯಿಂದ:
ಇದು ಸರಿಯಾದ ಮಾತು. ಬ್ರಿಟಿಷರ ವಿರುದ್ಧ ಎದ್ದು ಕೋಟೆಯಲ್ಲಿ 1837ರಲ್ಲಿ ಗಲ್ಲಿಗೇರಿದ, ಅರೆಭಾಷೆ ಗೌಡರಾದ ಗುಡ್ಡೆಮನೆ ಅಪ್ಪಯ್ಯ ಗೌಡರ ಬಗ್ಗೆಯೂ ಪೇಟೆಯಲ್ಲಿ ಒಂದು ಪ್ರತಿಮೆ ಬಿಟ್ಟರೆ ಬಂದವರಿಗೆ ಏನು ಗೊತ್ತಾಗುತ್ತದೆ?

ನಾಪೋಕ್ಲು ಕಡೆಯಿಂದ:
ಕೇಳಿದ್ದು ಐನ್‌ಮನೆ ಬಗ್ಗೆ. ಎಲ್ಲದರಲ್ಲೂ ಜಾತಿ ತರಬೇಡಿ.

ಪೊನ್ನಂಪೇಟೆಯಿಂದ:
ಕತ್ತಿ ಮಾಡಿದವರ ಹೆಸರು ಕೇಳಿದರೆ ಜಾತಿ ತಂದ ಹಾಗಾ? ನಿಮ್ಮ ಕಪಾಟಿನ ಚೀಟಿಯಲ್ಲಿ ಒಕ್ಕದ ಹೆಸರಿದೆ. ಒಕ್ಕದ ಕೆಳಗೆ ಕಮ್ಮಾರನ ಮನೆ ಹೆಸರು ಬರೆಯಲು ಎಷ್ಟು ಖರ್ಚಾಗುತ್ತಿತ್ತು?

ಶನಿವಾರಸಂತೆಯಿಂದ:
ಜಗಳ ಮನೆ ಸಾಮಾನಿಗೇ ಮುಗಿಯಿತು. ನಮ್ಮ ಪಕ್ಕದ ಮುಳ್ಳೂರಿನಲ್ಲಿ ಸಾವಿರ ವರ್ಷದ ಹತ್ತಿರದ ಬಸದಿಗಳಿವೆ. ಈ ಭಾಗ ಆಳಿದ ಕೊಂಗಾಳ್ವ ಅರಸನ ತಾಯಿ ಪೋಚಬ್ಬರಸಿ ಕಟ್ಟಿಸಿದ ಬಸದಿಯ ಶಾಸನ 1058ರದ್ದು. ದಕ್ಷಿಣ ಕೊಡಗಿನವರಿಗೆ ಕೊಡಗು ಅಂದರೆ ಕಾವೇರಿಯಿಂದ ದಕ್ಷಿಣಕ್ಕೆ ಮಾತ್ರ. ನೆಂಟರನ್ನು ನಾಲ್ಕುನಾಡು ಅರಮನೆಗೆ ಕರೆದುಕೊಂಡು ಹೋಗುತ್ತೀರಿ, ಒಮ್ಮೆಯಾದರೂ ಈ ಕಡೆ ಬನ್ನಿ.

ವಿರಾಜಪೇಟೆಯಿಂದ:
ನಾನು ನಮ್ಮಲ್ಲಿ ಉಳಿದವರನ್ನು ಮುಳ್ಳೂರಿಗೆ ಕಳಿಸುತ್ತೇನೆ. ದಾರಿ ತೋರಿಸುವ ಬೋರ್ಡು ಜಾಸ್ತಿ ಹಾಕಿಸಿ, ಆಮೇಲೆ ದಕ್ಷಿಣ ಕೊಡಗನ್ನು ಬೈಯಿರಿ.

ಚೇರಂಬಾಣೆಯಿಂದ (ಕೇಳಿದವರು):
ಎಲ್ಲರಿಗೂ ವಂದನೆ. ತಾಳೆಗರಿಯ ಹುಳಕ್ಕೆ ಏನು ಮಾಡಲಿ, ಅದು ಹೇಳಿ.

ಸೋಮವಾರಪೇಟೆಯಿಂದ:
ಇವತ್ತೇ ಬೇರೆ ಸಾಮಾನಿನಿಂದ ದೂರ ಇಡಿ. ಮೆತ್ತನೆ ಬ್ರಷ್‌ನಿಂದ ಧೂಳು, ಹುಳದ ಪುಡಿ ತೆಗೆಯಿರಿ. ಬಿಸಿಲಿಗೆ ಹಾಕಬೇಡಿ, ಗರಿ ಸುರುಳಿ ಸುತ್ತಿ ಸೀಳುತ್ತದೆ. ಅಂಟಿದ ಗರಿಗಳನ್ನು ಎಳೆದು ಬಿಡಿಸಬೇಡಿ. ಎರಡೂ ಬದಿ ಫೋಟೋ ತೆಗೆದು, ಹಳೇ ಹತ್ತಿ ಬಟ್ಟೆಯಲ್ಲಿ ಸುತ್ತಿ ಮರದ ಹಲಗೆ ನಡುವೆ ಇಡಿ. ನಿಂಬೆಹುಲ್ಲಿನ ಎಣ್ಣೆ ಹಚ್ಚುವುದನ್ನು ಗೊತ್ತಿದ್ದವರ ಕೈಯಲ್ಲೇ ಮಾಡಿಸಿ.

ನಾಪೋಕ್ಲು ಕಡೆಯಿಂದ:
ನಾವು ನಾವೇ ಹಚ್ಚಿದ್ದು, ಏನೂ ಆಗಲಿಲ್ಲ.

ಸೋಮವಾರಪೇಟೆಯಿಂದ:
ನಿಮ್ಮ ಗರಿಯಲ್ಲಿ ಅಕ್ಷರ ಕೊರೆದು ಮಸಿ ತುಂಬಿದ್ದಿರಬೇಕು. ಬರೀ ಮೇಲೆ ಮಸಿಯಲ್ಲಿ ಬರೆದಿದ್ದರೆ ಎಣ್ಣೆ ಬಟ್ಟೆಗೆ ಅಕ್ಷರವೂ ಬರುತ್ತದೆ. ಅವರ ಗರಿ ಯಾವುದು ಅಂತ ನೋಡದೆ ಹೇಳಬೇಡಿ. ಕೇಳಿದವರೇ, ಮೂಲೆಯ ಒಂದು ಗರಿಯ ಫೋಟೋ ಹತ್ತಿರದಿಂದ ತೆಗೆದು ಇಲ್ಲೇ ಹಾಕಿ.