ಜಿಂಕ್ ಅರ್ಧದಲ್ಲೇ ನಿಲ್ಲುತ್ತಿದೆ, ಆಟೋಕ್ಲೇವ್ ತಳದಲ್ಲಿ ಗಟ್ಟಿ ಉಂಡೆ

ತೀರ್ಥಹಳ್ಳಿ_ತೋಟ:
ನಮಸ್ಕಾರ. ಶಿವಮೊಗ್ಗದಲ್ಲಿ ಎಂ.ಎಸ್ಸಿ. ಪ್ರಾಜೆಕ್ಟ್ ಮಾಡುತ್ತಿದ್ದೇನೆ. ಜಿಂಕ್ ಸಲ್ಫೈಡ್ ಅದಿರಿನ ಪುಡಿಯನ್ನು ಹುರಿಯದೆ ನೇರವಾಗಿ ಸಲ್ಫ್ಯೂರಿಕ್ ಆಸಿಡ್‌ನಲ್ಲಿ ಕರಗಿಸುವ ಕೆಲಸ. 1 ಲೀಟರ್ ಆಟೋಕ್ಲೇವ್ (ಒತ್ತಡ ತಡೆಯುವ ಮುಚ್ಚಿದ ಪಾತ್ರೆ), 150 ಡಿಗ್ರಿ, ಆಮ್ಲಜನಕ 7 ಬಾರ್. ಮೊದಲು ಚೆನ್ನಾಗೇ ಕರಗುತ್ತದೆ, ಆಮೇಲೆ ಶೇ. 60ರ ಹತ್ತಿರ ನಿಂತುಬಿಡುತ್ತದೆ. ಆಸಿಡ್ ಇನ್ನೂ ಬೇಕಾದಷ್ಟು ಉಳಿದಿರುತ್ತದೆ. ತಳದಲ್ಲಿ ಕಪ್ಪು ಉಂಡೆಗಳು, ಒಡೆದರೆ ಒಳಗೆ ಹಳದಿ. ಬಿಸಿ 170ಕ್ಕೆ ಏರಿಸಲಾ?

ಭದ್ರಾವತಿ_ಕುಲುಮೆ:
ಬೇಡ ಮಾರಾಯ್ರೆ, ಏರಿಸಬೇಡಿ! ಆ ಹಳದಿ ಅಂದರೆ ಅದಿರಿನಿಂದಲೇ ಹೊರಬಂದ ಗಂಧಕ. ಅದು 119 ಡಿಗ್ರಿ ಹತ್ತಿರ ಕರಗುತ್ತದೆ, 150ರಲ್ಲಿ ತೆಳ್ಳಗಿರುತ್ತದೆ, 159 ದಾಟಿತೋ ಜೋನಿ ಬೆಲ್ಲಕ್ಕಿಂತ ಮಂದವಾಗುತ್ತದೆ. ಈಗಲೇ ಅದು ಕರಗದ ಅದಿರಿನ ಕಣಗಳಿಗೆ ಮೆತ್ತಿಕೊಂಡು ಕೂತಿದೆ, ಆಸಿಡ್ ಎಷ್ಟಿದ್ದರೂ ಒಳಗೆ ಹೋಗಲು ದಾರಿಯೇ ಇಲ್ಲ.

ಲಿಗ್ನೋಸಲ್ಫೋನೇಟ್ (ಮರದಿಂದ ಕಾಗದ ಮಾಡುವಾಗ ಸಿಗುವ ಪದಾರ್ಥ) ಹಾಕಿದ್ದೀರಾ? ಲೀಟರಿಗೆ ಸುಮಾರು 0.2 ಗ್ರಾಂನಿಂದ ಶುರು ಮಾಡಿ. ಅದು ಗಂಧಕವನ್ನು ಕಣದಿಂದ ಬಿಡಿಸುತ್ತದೆ. ಕೆನಡಾದ ಟ್ರೇಲ್‌ನಲ್ಲಿ 1981ರಲ್ಲಿ ಹೀಗೆ ಹುರಿಯದೆ ಒತ್ತಡದಲ್ಲಿ ಜಿಂಕ್ ಕರಗಿಸುವ ಶೆರಿಟ್ ವಿಧಾನದ ಮೊದಲ ಕಾರ್ಖಾನೆ ಶುರುವಾಯಿತಲ್ವಾ, ಅಲ್ಲಿಂದಲೂ ಇಂಥ ಪದಾರ್ಥವಿಲ್ಲದೆ ಕೆಲಸ ನಡೆಯುವುದಿಲ್ಲ. ಕೆಲವು ಕಡೆ ಕ್ವೆಬ್ರಾಚೋ ಎಂಬ ಮರದ ಟ್ಯಾನಿನ್ (ಒಗರು ಪದಾರ್ಥ) ಬಳಸುತ್ತಾರೆ.

ದ್ರಾವಣದಲ್ಲಿ ಕಬ್ಬಿಣ ಇದೆಯಾ ಅಂತಲೂ ನೋಡಿ. ಆಮ್ಲಜನಕ ಸುಮ್ನೆ ಬಂದು ಸಲ್ಫೈಡನ್ನು ಮುಟ್ಟುವುದು ತೀರಾ ನಿಧಾನ. ದ್ರಾವಣದಲ್ಲಿ ಫೆರಿಕ್ ರೂಪದಲ್ಲಿರುವ ಕಬ್ಬಿಣವು ಜಿಂಕ್ ಅದಿರನ್ನು ಕರಗಿಸಿ ತಾನು ಫೆರಸ್ ರೂಪಕ್ಕೆ ಇಳಿಯುತ್ತದೆ, ಆಮ್ಲಜನಕ ಅದನ್ನು ಮತ್ತೆ ಫೆರಿಕ್ ಮಾಡುತ್ತದೆ. ಅದಿರಿನಲ್ಲಿ ಕಬ್ಬಿಣ ಕಡಿಮೆ ಇದ್ದರೆ ಸ್ವಲ್ಪ ಫೆರಿಕ್ ಸಲ್ಫೇಟ್ ಸೇರಿಸಿ. ಪುಡಿ ಬಹುಪಾಲು 44 ಮೈಕ್ರಾನ್‌ಗಿಂತ ನುಣ್ಣಗಿರಲಿ.

ತೀರ್ಥಹಳ್ಳಿ_ತೋಟ:
ಲಿಗ್ನೋಸಲ್ಫೋನೇಟ್ ಹಾಕಿಲ್ಲ ಸರ್. ಟ್ಯಾನಿನ್ ಅಂದಿರಲ್ಲ, ಮನೆಯಲ್ಲಿ ಅಡಿಕೆ ಬೇಯಿಸಿದ ಚೊಗರು ಡ್ರಮ್‌ಗಟ್ಟಲೆ ಇದೆ. ಅದನ್ನೇ ಹಾಕಬಹುದಾ?

ಸಾಗರ_ಲ್ಯಾಬ್:
ಯೋಚನೆ ಒಳ್ಳೆಯದು, ಚೊಗರಿನಲ್ಲಿ ಟ್ಯಾನಿನ್ ಇರುವುದು ನಿಜ. ಆದರೆ ಒಂದು ಹಂಡೆಯ ಚೊಗರಿನ ಹಾಗೆ ಇನ್ನೊಂದರದ್ದು ಇರುವುದಿಲ್ಲ, ಜೊತೆಗೆ ಬೇರೆ ಏನೇನೋ ಬೆರೆತಿರುತ್ತದೆ. ಉಳಿದ ಸಾವಯವ ಪದಾರ್ಥ ಮುಂದೆ ವಿದ್ಯುತ್ ಹರಿಸಿ ಜಿಂಕ್ ತೆಗೆಯುವಾಗ ತೊಂದರೆ ಕೊಡುತ್ತದೆ. ಮೊದಲು ಲಿಗ್ನೋಸಲ್ಫೋನೇಟ್‌ನಲ್ಲಿ ಮಾಡಿ, ಆಮೇಲೆ ಚೊಗರನ್ನು ಒಣಗಿಸಿ, ತೂಗಿ, ಅದರ ಪಕ್ಕದಲ್ಲಿಟ್ಟು ನೋಡಿ. ಇನ್ನೊಂದು ಮಾತು, ಆಮ್ಲಜನಕದ ಪೈಪು, ವಾಲ್ವ್‌ಗಳಿಗೆ ಎಣ್ಣೆ, ಗ್ರೀಸ್ ಸೋಕಲೇಬಾರದು, ಬೆಂಕಿ ಹತ್ತುತ್ತದೆ.

ತೀರ್ಥಹಳ್ಳಿ_ತೋಟ:
ಲಿಗ್ನೋಸಲ್ಫೋನೇಟ್ ಹಾಕಿ 150ರಲ್ಲೇ ಓಡಿಸಿದೆ. ಉಂಡೆ ಇಲ್ಲ, ಗಂಧಕ ಸಣ್ಣ ಸಣ್ಣ ಕಾಳಾಗಿ ಬಂತು, ಜಿಂಕ್ ಶೇ. 96 ಕರಗಿತು. ತುಂಬಾ ಥ್ಯಾಂಕ್ಸ್ ಸರ್. ಚೊಗರು ಒಣಗಲು ಇಟ್ಟಿದ್ದೇನೆ, ಅದರ ಲೆಕ್ಕವನ್ನೂ ಇಲ್ಲೇ ಹಾಕುತ್ತೇನೆ.