ಓದಲು ಸರ್ಕಾರ ದುಡ್ಡು ಕೊಟ್ಟಿದೆ, ಪ್ರಕಟಿಸಲು ನಾನು ಕಟ್ಟಬೇಕಾ?

ಪ್ರಶ್ನೆ: ಸಂಶೋಧನಾ ವಿದ್ಯಾರ್ಥಿನಿ, ತುಮಕೂರು
ಎಲ್ಲರಿಗೂ ನಮಸ್ಕಾರ. ನನ್ನ ರಸಾಯನಶಾಸ್ತ್ರದ ಲೇಖನ ಒಂದು ಹೈಬ್ರಿಡ್ ಜರ್ನಲ್‌ಗೆ (ಕೆಲವು ಲೇಖನ ಚಂದಾದಾರರಿಗೆ ಮಾತ್ರ, ಕೆಲವು ಎಲ್ಲರಿಗೂ ಉಚಿತ) ಆಯ್ಕೆಯಾಗಿದೆ. ಓಪನ್ ಆಕ್ಸೆಸ್, ಅಂದರೆ ಯಾರು ಬೇಕಾದರೂ ಉಚಿತವಾಗಿ ಓದುವ ಹಾಗೆ ಬೇಕಿದ್ದರೆ ಎಪಿಸಿ (ಲೇಖಕರು ಕಟ್ಟುವ ಪ್ರಕಟಣಾ ಶುಲ್ಕ) ಕಟ್ಟಿ ಎಂದು ಮೇಲ್ ಬಂದಿದೆ. ಅಷ್ಟು ದುಡ್ಡು ನನ್ನ ಕೈಲಾಗದು. ಸರ್ಕಾರವೇ ಜರ್ನಲ್ ಚಂದಾ ಕಟ್ಟುವ 'ಒಂದು ರಾಷ್ಟ್ರ ಒಂದು ಚಂದಾ' ಯೋಜನೆಯಲ್ಲಿ ಅದೇ ಜರ್ನಲ್ ನಮಗೆ ಓದಲು ಸಿಗುತ್ತಿದೆ. ಮತ್ತೆ ಯಾಕೆ ಕಟ್ಟಬೇಕು? ಲೈಬ್ರರಿಯವರು ಮಾತಾಡಿ ತಪ್ಪಿಸಲು ಆಗುವುದಿಲ್ವಾ?

ಉತ್ತರ: ಕಾಲೇಜು ಲೈಬ್ರರಿಯನ್, ಕೋಲಾರ
ಅವಸರಪಟ್ಟು ಕಟ್ಟಬೇಡಿ ಮೇಡಂ. ಹೈಬ್ರಿಡ್ ಜರ್ನಲ್ ಆದ್ದರಿಂದ ಚಂದಾದಾರರಿಗೆ ಮಾತ್ರ ಸಿಗುವ ಹಾಗೆ ಪ್ರಕಟಿಸಿದರೆ ಸಾಮಾನ್ಯವಾಗಿ ಎಪಿಸಿ ಇರುವುದಿಲ್ಲ. ಒಪ್ಪಿಗೆಯಾದ ಕರಡನ್ನು ರೆಪಾಸಿಟರಿಗೆ (ಎಲ್ಲರೂ ಓದಬಹುದಾದ ಆನ್‌ಲೈನ್ ಸಂಗ್ರಹ) ಹಾಕಲು ಎಷ್ಟು ತಿಂಗಳು ಕಾಯಬೇಕು ಎಂದು ಕರಾರಿನಲ್ಲಿ ನೋಡಿ.

ನೀವು ಹೇಳಿದ ಚಂದಾ ಯೋಜನೆಗೆ 2024ರ ನವೆಂಬರ್‌ನಲ್ಲಿ ಕೇಂದ್ರ ಸಚಿವ ಸಂಪುಟ ಒಪ್ಪಿತು. 3 ವರ್ಷಕ್ಕೆ 6,000 ಕೋಟಿ ರೂಪಾಯಿ, 30 ಪ್ರಕಾಶಕರು, ಸುಮಾರು 13,000 ಜರ್ನಲ್‌ಗಳು. ಆದರೆ ಅದು ಮುಖ್ಯವಾಗಿ ಓದುವ ಒಪ್ಪಂದ. ಜರ್ಮನಿಯವರು 2019ರಲ್ಲಿ ವೈಲಿ ಎಂಬ ಪ್ರಕಾಶಕರ ಜೊತೆ ಮಾಡಿಕೊಂಡದ್ದು ಬೇರೆ ಥರ. ದೇಶದ ಸಂಸ್ಥೆಗಳೆಲ್ಲ ಒಂದಾಗಿ ಕೂತು, ಹೈಬ್ರಿಡ್ ಜರ್ನಲ್‌ಗಳಲ್ಲಿ ಓಪನ್ ಆಕ್ಸೆಸ್ ಆಗಿ ಪ್ರಕಟವಾಗುವ ಪ್ರತಿ ಲೇಖನಕ್ಕೆ 2,750 ಯೂರೋ ಎಂದು ದರ ಕಟ್ಟಿದರು. ಓದುವ ಹಕ್ಕು ಅದರಲ್ಲೇ ಸೇರಿತು.

ನನ್ನನ್ನು ನಿಜಕ್ಕೂ ಕಾಡುವ ವಿಷಯ ಇನ್ನೊಂದು. ಚಂದಾ ಬಿಲ್ ಲೈಬ್ರರಿಗೆ ಬರುತ್ತದೆ. ಎಪಿಸಿ ಬಿಲ್ ಮಾತ್ರ ಪ್ರಾಜೆಕ್ಟ್ ಹಣದಿಂದಲೋ, ಸಂಶೋಧಕರ ಜೇಬಿನಿಂದಲೋ ಹೋಗುತ್ತದೆ. ನಮ್ಮ ಕಣ್ಣಿಗೇ ಬೀಳುವುದಿಲ್ಲ. ಎರಡೂ ಲೆಕ್ಕ ಗೊತ್ತಿರುವುದು ಪ್ರಕಾಶಕರಿಗೆ. ಅರ್ಧ ಲೆಕ್ಕ ಹಿಡಿದು ಚೌಕಾಸಿಗೆ ಕೂತರೆ ಏನು ಕೇಳುವುದು ಹೇಳಿ? ನಮ್ಮವರು ಕರೆಸ್ಪಾಂಡಿಂಗ್ ಆಥರ್ (ಜರ್ನಲ್ ಜೊತೆ ವ್ಯವಹರಿಸುವ ಲೇಖಕರು) ಆಗಿ ಯಾವ ಪ್ರಕಾಶಕರಲ್ಲಿ ಎಷ್ಟು ಬರೆದರು, ಎಷ್ಟು ಕಟ್ಟಿದರು, ಈ ಪಟ್ಟಿ ಮೊದಲು ಬೇಕು. ಎದ್ದು ಬರುವ ಧೈರ್ಯವೂ ಬೇಕು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ 2019ರಲ್ಲಿ ಎಲ್ಸೆವಿಯರ್ ಎಂಬ ದೊಡ್ಡ ಪ್ರಕಾಶಕರ ಜೊತೆ ಮಾತುಕತೆ ಮುರಿದುಕೊಂಡಿತು. 2021ರಲ್ಲಿ ಓಪನ್ ಆಕ್ಸೆಸ್ ಸೇರಿದ ಒಪ್ಪಂದ ಸಿಕ್ಕಿತು.

ಉತ್ತರ: ಉಪನ್ಯಾಸಕ, ಚಿಕ್ಕಬಳ್ಳಾಪುರ
ಸರ್, ನಮ್ಮದು ಖಾಸಗಿ ಕಾಲೇಜು. ಆ ಚಂದಾ ಯೋಜನೆ ಮೊದಲ ಹಂತದಲ್ಲಿ ಸರ್ಕಾರಿ ಸಂಸ್ಥೆಗಳಿಗೆ ಮಾತ್ರ ಅಂದಿದ್ದಾರೆ, ಓದಲೂ ಸಿಗುತ್ತಿಲ್ಲ. ನಾವು ಒಬ್ಬೊಬ್ಬರೇ ಹೋದರೆ ಯಾರು ಕೇಳುತ್ತಾರೆ?

ಉತ್ತರ: ಕಾಲೇಜು ಲೈಬ್ರರಿಯನ್, ಕೋಲಾರ
ಒಬ್ಬೊಬ್ಬರೇ ಹೋಗಬೇಡಿ ಸರ್. ಸುತ್ತಲಿನ ಕಾಲೇಜುಗಳ ಲೈಬ್ರರಿಯನ್‌ಗಳು ಸೇರಿ ಒಂದೇ ಪಟ್ಟಿ ಮಾಡಿ. ಮೇಡಂ, ಆ ಯೋಜನೆಯಲ್ಲಿ ಆಯ್ದ ಓಪನ್ ಆಕ್ಸೆಸ್ ಜರ್ನಲ್‌ಗಳ ಎಪಿಸಿಗೆ ವರ್ಷಕ್ಕೆ 150 ಕೋಟಿವರೆಗೆ ಹಣವಿದೆ. ನಿಮ್ಮ ಜರ್ನಲ್ ಆ ಪಟ್ಟಿಯಲ್ಲಿದೆಯಾ ಎಂದು ನಿಮ್ಮ ಲೈಬ್ರರಿಯಲ್ಲಿ ವಿಚಾರಿಸಿ.

ಉತ್ತರ: ಸಂಶೋಧನಾ ವಿದ್ಯಾರ್ಥಿನಿ, ತುಮಕೂರು
ಥ್ಯಾಂಕ್ಸ್ ಸರ್. ವಿಚಾರಿಸುತ್ತೇನೆ. ನಮ್ಮ ವಿಭಾಗದಲ್ಲಿ ಎಪಿಸಿ ಕಟ್ಟಿದವರ ವಿವರವನ್ನೂ ಕೇಳಿ ಲೈಬ್ರರಿಗೆ ಕೊಡುತ್ತೇನೆ.